ಅಡ್ಡಬಿದ್ದದ್ದೇ ಸಾಕ್ಷಿಯಾದ ಕೇಸು

ಕರಿ ಕೋಟು ಬಿಚ್ಚಿ ಗೂಟಕ್ಕೆ ಹಾಕಿದ ಮೇಲೂ ಪೋಸ್ಟ್‌ಮನ್ ಬಾಗಿಲು ಬಡಿದರೆ ನನ್ನ ಎದೆ ಧಸಕ್ಕೆನ್ನುತ್ತದೆ. ರಿಜಿಸ್ಟರ್ಡ್ ಲಕೋಟೆಯಾದರೆ ಯಾರು ಕಳಿಸಿದ್ದೆಂದು ಎರಡು ಸಲ ಓದಿಯೇ ಸಹಿ ಮಾಡುತ್ತೇನೆ. ರಾಯಚೂರು, ಮಾನ್ವಿ, ದೇವದುರ್ಗದ ಕೋರ್ಟುಗಳಲ್ಲಿ ಇಷ್ಟು ವರ್ಷ ವಾದ ಮಾಡಿದವಳಿಗೆ ಇದೇನು ಪುಕ್ಕಲುತನ ಎಂದು ನನ್ನ ತಂಗಿ ನಗುತ್ತಾಳೆ. ನಗಲಿ. ಅವಳು ಜೀವನದಲ್ಲಿ ಒಂದು ನೋಟಿಸೂ ಕಂಡವಳಲ್ಲ.

ಹೊಸದಾಗಿ ವಕೀಲರಾದ ಹುಡುಗ ಹುಡುಗಿಯರು ಆಗಾಗ ಮನೆಗೆ ಬರುತ್ತಾರೆ. ಚಹಾ ಕುಡಿಯುತ್ತ, ‘ಮಾನಹಾನಿ ಕೇಸ್ ಸಣ್ಣದಲ್ಲೇನ್ರಿ ಮೇಡಂ? ಮೊದ್ಲಿಗೆ ಅದನ್ನ ಹಿಡೀಲೇನು?’ ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಕೊಲೆ ಕೇಸು ನಡೆಸಿದ್ದೇನೆ, ಆಸ್ತಿ ಜಗಳದಲ್ಲಿ ಕೊಡಲಿ ಹಿಡಿದವರ ನಡುವೆ ನಿಂತಿದ್ದೇನೆ. ಆಗೆಲ್ಲ ಇಲ್ಲದ ಹೆದರಿಕೆ ಮಾನಹಾನಿ ಕೇಸಿನಲ್ಲಿ ಇರುತ್ತಿತ್ತು. ಕೊಲೆಯಲ್ಲಿ ಹೆಣ, ಕೊಡಲಿ, ರಕ್ತದ ಬಟ್ಟೆ ಏನಾದರೂ ಇರುತ್ತದೆ. ಇಲ್ಲಿ ಇರುವುದು ಬರೀ ಮಾತು, ಮಾತು ಯಾವಾಗ ಯಾರ ಕಡೆ ತಿರುಗುತ್ತದೆಂದು ಹೇಳಲಾಗದು. ನಮ್ಮ ಅಮ್ಮಿ ಮನೆಯಲ್ಲಿ ದಖನಿಯಲ್ಲಿ ಅನ್ನುತ್ತಿದ್ದರು: ‘ಕಮಾನ್ ಸೇ ನಿಕ್ಲಾ ತೀರ್, ಜಬಾನ್ ಸೇ ನಿಕ್ಲೀ ಬಾತ್, ವಾಪಸ್ ನೈ ಆತೇ.’ ಬಿಟ್ಟ ಬಾಣ, ಆಡಿದ ಮಾತು ತಿರುಗಿ ಬಾರವು. ಕನ್ನಡದ ನೆರೆಯವರು ಅದನ್ನೇ ‘ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು’ ಅನ್ನುತ್ತಿದ್ದರು. ಎರಡು ಭಾಷೆಯಲ್ಲಿ ಬುದ್ಧಿ ಹೇಳಿಸಿಕೊಂಡು ಬೆಳೆದವಳು ನಾನು.

ನನ್ನ ಸೀನಿಯರ್ ಬಾಯಿ ಬಿಟ್ಟರೆ ಬೈಗುಳ, ಆದರೆ ಕೆಲಸ ಕಲಿಸಿದವರು. ಒಂದು ಸಲ ಅಕ್ಕಿ ಗಿರಣಿಯ ಮಾಲೀಕರೊಬ್ಬರು ಕೆಂಡ ಕಾರುತ್ತ ಬಂದರು. ಎದುರು ಗಿರಣಿಯವನು ತಮ್ಮನ್ನು ಕಳ್ಳ ಎಂದು ಬೈದನಂತೆ. ಸೀನಿಯರ್ ಕೇಳಿದರು, ‘ಯಾರ್ ಮುಂದ ಬೈದ?’ ‘ನನ್ನ ಮುಂದ, ನಾವಿಬ್ಬರ ಇದ್ವಿ.’ ಸೀನಿಯರ್ ಪೆನ್ನು ಮುಚ್ಚಿದರು. ‘ಮೂರನೇಯವನ ಕಿವಿಗೆ ಬೀಳಲಾರದ್ದು ಬೈಗುಳ ಆಗ್ತದ, ಮಾನಹಾನಿ ಆಗೂದಿಲ್ಲ. ಮನಿಗೆ ಹೋಗಿ ಉಂಡು ಮಕ್ಕೋರಿ.’ ಆ ಪುಣ್ಯಾತ್ಮ ಕೇಳಲಿಲ್ಲ. ಬೇರೆ ವಕೀಲರನ್ನು ಹಿಡಿದು, ಎರಡು ಸಾಕ್ಷಿ ಹುಟ್ಟಿಸಿ, ಕೇಸು ಹಾಕಿದ. ಅಲ್ಲಿಯ ತನಕ ಇಬ್ಬರಿಗೆ ಗೊತ್ತಿದ್ದ ಮಾತು ಪ್ರತಿ ವಾಯಿದೆಯ ದಿನವೂ ಕೋರ್ಟ್ ಹಾಲಿನಲ್ಲಿ ಗಟ್ಟಿಯಾಗಿ ಓದಿಸಿಕೊಂಡು ರಾಯಚೂರಿನ ಗಂಜಿನ ಮಾರುಕಟ್ಟೆ ತುಂಬ ಹರಡಿತು. ಹಮಾಲರು ಅವನ ಚೀಲ ಹೊರುವಾಗ ನಗುತ್ತಿದ್ದರು.

ಆಗ ಮಾತು ನಿಧಾನವಾಗಿ ನಡೆಯುತ್ತಿತ್ತು. ಪತ್ರಿಕೆಯಲ್ಲಿ ಬಂದರೆ ಕತ್ತರಿಸಿ ಫೈಲಿಗೆ ಅಂಟಿಸುತ್ತಿದ್ದೆವು. ಸಂಪಾದಕರು ಒಳಪುಟದ ಮೂಲೆಯಲ್ಲಿ ವಿಷಾದ ಹಾಕಿದರೆ ಮುಗಿಯುತ್ತಿತ್ತು. ಆಮೇಲೆ ವಾಟ್ಸಾಪ್ ಬಂತು. ಅದರ ಹಿಂದೆಯೇ ಊರಿಗೊಂದು ಯೂಟ್ಯೂಬ್ ಚಾನೆಲ್ ಬಂತು. ಕೈಯಲ್ಲಿ ಮೊಬೈಲು, ಅದಕ್ಕೊಂದು ಮೈಕು ಇದ್ದರೆ ವರದಿಗಾರ. ಅವರಲ್ಲಿ ಒಳ್ಳೆಯ ಕೆಲಸ ಮಾಡಿದವರೂ ಬಹಳ ಮಂದಿ. ಆದರೆ ವಿಷಾದ ಹಾಕಲು ಒಳಪುಟವೇ ಇಲ್ಲದ ಕೆಲಸ ಅದು. ನನ್ನ ಕೊನೆಯ ದೊಡ್ಡ ಕೇಸು ಅಲ್ಲಿಂದಲೇ ಬಂತು.

ಶಿವಲೀಲಾ ಎಂಬ ಹುಡುಗಿ. ಕಲ್ಲೂರಿನ ಆಚೆ ಒಂದು ಹಳ್ಳಿಯ ಕುರಿ ಕಾಯುವ ಮನೆಯವಳು, ಮಾನ್ವಿಯಲ್ಲಿ ಡಿಗ್ರಿ ಓದಿ ಅಲ್ಲಿಯೇ ಒಂದು ಚಾನೆಲ್ ನಡೆಸುತ್ತಿದ್ದಳು. ಒಂದು ಬೆಳಿಗ್ಗೆ ಅಪ್ಪ ಬೀರಪ್ಪನನ್ನು ಕರೆದುಕೊಂಡು ರಾಯಚೂರಿನ ನನ್ನ ಆಫೀಸಿಗೆ ಬಂದಳು. ಬೀರಪ್ಪ ಕಂಬಳಿ ಹೊದ್ದು ಬಾಗಿಲ ಹೊರಗೇ ನಿಂತ. ‘ಒಳಗ ಬರ್ರಿ ಬೀರಪ್ಪಣ್ಣ’ ಎಂದರೂ ಬರಲೊಲ್ಲ.

‘ಅಮೇರಿಕದ ಪೊಲೀಸ್ರು ಇಲ್ಲೀತನ ಬರ್ತಾರೇನ್ರಿ ಯವ್ವಾ?’ ಅಲ್ಲಿಂದಲೇ ಕೇಳಿದ.

ವಿಷಯ ಇಷ್ಟು. ಅವರ ಊರಿನಲ್ಲಿ ಕುಡಿಯುವ ನೀರಿನ ಮಷೀನು ಇತ್ತು. ಅದನ್ನು ಹಾಕಿಸಿದವರು ದೇವದುರ್ಗದ ಕಡೆ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ವಯಸ್ಸಾದ ಡಾಕ್ಟರು. ನೋಡಿಕೊಳ್ಳಲು ರಾಜಶೇಖರ ಎಂಬ ಮ್ಯಾನೇಜರನನ್ನು ಇಟ್ಟಿದ್ದರು. ಮಷೀನಿನ ನೀರು ಕುಡಿದ ಮಕ್ಕಳಿಗೆ ಹೊಟ್ಟೆನೋವು ಬರುತ್ತಿದೆ ಎಂದು ಹೆಂಗಸರು ಹೇಳಿದ್ದಕ್ಕೆ ಶಿವಲೀಲಾ ಹೋಗಿ ಹಿಂದಿನ ಬಾಗಿಲು ತೆರೆದಿದ್ದಳು. ಫಿಲ್ಟರು ಇರಬೇಕಾದ ಕೊಳವೆ ಖಾಲಿ, ಒಳಗೆಲ್ಲ ಉಪ್ಪು ಕಟ್ಟಿತ್ತು. ಬೋರಿನ ನೀರು ನೇರವಾಗಿ ನಲ್ಲಿಗೆ ಬರುತ್ತಿತ್ತು. ಅದನ್ನು ಮೊಬೈಲಿನಲ್ಲಿ ತೋರಿಸುತ್ತ ಹೇಳಿದ್ದಳು: ‘ಇದರಾಗ ಫಿಲ್ಟರ್ ಇಲ್ಲ ನೋಡ್ರಿ. ಮ್ಯಾನೇಜರ್ ಬೋರಿನ ನೀರು ಹಂಗೇ ಬಿಡಾಕತ್ತಾನ. ಅಮೇರಿಕದಾಗ ಕುಂತ ಡಾಕ್ಟರು ಬಡವರ ಹೆಸರಿನ್ಯಾಗ ರೊಕ್ಕ ಎತ್ತಿ ನುಂಗಾಕತ್ತಾರ.’ ವಿಡಿಯೊ ಊರೂರು ಸುತ್ತಿ ಸಮುದ್ರ ದಾಟಿತು. ಡಾಕ್ಟರ ಅಮೆರಿಕದ ವಕೀಲರಿಂದ ಇಮೇಲಿನಲ್ಲಿ ನೋಟಿಸು ಬಂತು. ವಿಡಿಯೊ ತೆಗೆಯಬೇಕು, ತಿದ್ದುಪಡಿ ಹಾಕಬೇಕು, ಇಲ್ಲದಿದ್ದರೆ ಅಲ್ಲಿಯ ಕೋರ್ಟಿನಲ್ಲಿ ದಾವೆ.

ನಾನು ಅದನ್ನು ಎರಡು ಸಲ ಓದಿದೆ. ಅಮೆರಿಕದ ಕಾನೂನು ನನಗೆ ಯಾರು ಕಲಿಸಿದ್ದರು? ‘ಎರಡು ದಿನ ಬಿಟ್ಟು ಬರ್ರಿ’ ಎಂದು ಧೈರ್ಯದ ಮುಖ ಮಾಡಿ ಕಳಿಸಿದೆ. ಆಮೇಲೆ ಕನ್ನಡಕ ಒರೆಸಿಕೊಳ್ಳುತ್ತ ಅಲ್ಲಿಯ ಕಾನೂನು ಕಾಲೇಜುಗಳ ಪಾಠಗಳನ್ನು ಕಂಪ್ಯೂಟರಿನಲ್ಲಿ ಓದುತ್ತ ಕೂತೆ.

ನನಗೆ ತಿಳಿದದ್ದನ್ನು ನಿಮಗೂ ಹೇಳುತ್ತೇನೆ. ಅಲ್ಲಿ ಮಾನಹಾನಿ ಹೆಚ್ಚುಕಡಿಮೆ ಸಿವಿಲ್ ದಾವೆ. ಜೈಲಿನ ಕಲಮು ಕೆಲವು ರಾಜ್ಯಗಳ ಪುಸ್ತಕದಲ್ಲಿ ಇದ್ದರೂ ಬಳಸುವುದು ಅಪರೂಪ. ದಾವೆ ಹಾಕಿದವನೇ ಎಲ್ಲವನ್ನೂ ತೋರಿಸಬೇಕು: ಆಡಿದ ಮಾತು ಸಂಗತಿಯ ಬಗ್ಗೆ ಇತ್ತು, ಬರೀ ಅಭಿಪ್ರಾಯವಲ್ಲ, ಅದು ತನ್ನನ್ನೇ ಕುರಿತದ್ದು, ಮೂರನೆಯವರನ್ನು ಮುಟ್ಟಿತು, ಅದರಿಂದ ತನ್ನ ಹೆಸರು ಕೆಟ್ಟಿತು. ಸಾರ್ವಜನಿಕ ವಿಷಯವಾದರೆ ಮಾತು ಸುಳ್ಳೆಂದು ತೋರಿಸುವ ಹೊರೆಯೂ ಅವನದೇ. ಆಡಿದವರ ತಪ್ಪನ್ನೂ ತೋರಿಸಬೇಕು. ಸಾಮಾನ್ಯ ಮನುಷ್ಯನಾದರೆ ವಿಚಾರಿಸದೆ ಹೇಳಿದರು ಎಂದಷ್ಟು ತೋರಿಸಿದರೆ ಬಹಳ ಕಡೆ ಸಾಕು. ಊರಿಗೆಲ್ಲ ಗೊತ್ತಿರುವ ವ್ಯಕ್ತಿಯಾದರೆ ಅಷ್ಟು ಸಾಲದು. ಸುಳ್ಳೆಂದು ತಿಳಿದೇ ಹೇಳಿದರು, ಇಲ್ಲವೇ ಸುಳ್ಳಿರಬಹುದೆಂಬ ಗಟ್ಟಿ ಅನುಮಾನವಿದ್ದೂ ಕಣ್ಣುಮುಚ್ಚಿ ಹೇಳಿದರು ಎಂದು ತೋರಿಸಬೇಕು. ಇದಕ್ಕೆ ಅವರು ‘ಆಕ್ಚುವಲ್ ಮ್ಯಾಲಿಸ್’ ಅನ್ನುತ್ತಾರೆ. ಹೆಸರಿನಲ್ಲಿ ಹಗೆತನ ಇದೆಯೇ ಹೊರತು ಅರ್ಥದಲ್ಲಿ ಇಲ್ಲ. ಆಡುವ ಗಳಿಗೆಯಲ್ಲಿ ನಿನಗೆ ಏನು ಗೊತ್ತಿತ್ತು ಎಂಬುದೇ ಪ್ರಶ್ನೆ. ನಮ್ಮ ಡಾಕ್ಟರು ದಾನದ ಕೆಲಸದ ಬಗ್ಗೆ ವೇದಿಕೆ ವೇದಿಕೆಗಳಲ್ಲಿ ಮಾತಾಡಿದವರು, ಆದ್ದರಿಂದ ಆ ಮಟ್ಟಿಗೆ ಗೊತ್ತಿರುವ ವ್ಯಕ್ತಿ ಎಂದು ವಾದಿಸಬಹುದಿತ್ತು. ಅಲ್ಲಿಯ ತೀರ್ಪನ್ನು ನಮ್ಮ ಕೋರ್ಟಿಗೆ ತಂದು ನೇರವಾಗಿ ಜಾರಿ ಮಾಡಿಸಲೂ ಬರುವುದಿಲ್ಲ, ಇಲ್ಲಿ ಬೇರೆ ದಾವೆ ಹಾಕಬೇಕು.

ಶಿವಲೀಲಾ ಮತ್ತೆ ಬಂದಾಗ ಎದುರು ಕೂಡಿಸಿ ಕೇಳಿದೆ, ‘ಫಿಲ್ಟರ್ ಇಲ್ಲಂದಿ. ಕಣ್ಣಿಲೆ ಕಂಡ್ಯೇನು?’

‘ಕಂಡೀನ್ರಿ ಮೇಡಂ.’

‘ಡಾಕ್ಟರು ರೊಕ್ಕ ನುಂಗ್ಯಾರಂದಿ. ಅದನ್ನ ಎಲ್ಲಿ ಕಂಡಿ?’

ತಲೆ ತಗ್ಗಿಸಿದಳು. ‘ಹಂಗ ಇರಬೇಕಂತ ಅನ್ಕೊಂಡೀನ್ರಿ.’

‘ಕಂಡದ್ದು ಇರಲಿ, ಅನ್ಕೊಂಡದ್ದನ್ನ ತೆಗಿ’ ಎಂದೆ. ಆ ವಾಕ್ಯ ತಪ್ಪೆಂದು ಚಾನೆಲಿನಲ್ಲಿ ಹೇಳಿಸಿದೆ. ತಿದ್ದುಪಡಿ ಹಾಕಿದರೆ ಅಲ್ಲಿಯ ಕೋರ್ಟುಗಳೂ ಮೆತ್ತಗಾಗುತ್ತವೆ ಎಂದು ಓದಿದ್ದೆ. ಫಿಲ್ಟರಿನ ಮಾತಿಗೆ ಮಾತ್ರ ಗಟ್ಟಿಯಾಗಿ ನಿಂತು ಉತ್ತರ ಬರೆದೆ. ‘ಇನ್ಮ್ಯಾಲ ಈ ವಿಷಯ ಯಾರ ಮುಂದೂ ಬಾಯಿ ಬಿಡಬ್ಯಾಡ’ ಎಂದು ಅವಳಿಗೆ ತಾಕೀತು ಮಾಡಿದೆ. ಹೂಂ ಎಂದಳು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ನಮ್ಮ ಕಡೆ ಊರಿನ ಹಿರಿಯರೆಲ್ಲ ಗುಡಿಕಟ್ಟೆಯ ಮೇಲೆ ಕೂಡಿ ಕೂತರೆ ಅದಕ್ಕೆ ‘ದೈವ’ ಅನ್ನುತ್ತಾರೆ. ಜಗಳವಾಡಿದವರು ದೈವಕ್ಕೆ ಅಡ್ಡಬಿದ್ದು ‘ತಪ್ಪಾತ್ರಿ, ಹೊಟ್ಟ್ಯಾಗ ಹಾಕೋರಿ’ ಅನ್ನದೆ ಜಗಳ ಮುಗಿಯುವುದಿಲ್ಲ. ನಾನು ಯಾರ ಮುಂದೂ ಮಾತಾಡಬೇಡ ಎಂದಿದ್ದೆ. ದೈವದ ಮುಂದೆ ಅಡ್ಡಬೀಳುವುದು ಮಾತಾಡಿದ ಲೆಕ್ಕವೆಂದು ಆ ಮನೆಯವರಿಗೆ ಹೊಳೆಯಲೇ ಇಲ್ಲ. ರಾಜಶೇಖರ ಹಿರಿಯರನ್ನು ಕೂಡಿಸಿದ. ಬೀರಪ್ಪ ಮಗಳನ್ನು ಕರೆದೊಯ್ದ. ಅವಳು ಅಡ್ಡಬಿದ್ದಳು. ರಾಜಶೇಖರನ ಕಡೆಯವನೊಬ್ಬ ಅದನ್ನು ಮೊಬೈಲಿನಲ್ಲಿ ಹಿಡಿದ.

ಮುಂದಿನ ವಾರ ಅಮೆರಿಕದಿಂದ ಎರಡನೆಯ ಪತ್ರ ಬಂತು. ನಿಮ್ಮ ಕಕ್ಷಿದಾರಳು ಊರ ಹಿರಿಯರ ಮುಂದೆ ನೆಲಕ್ಕೆ ಬಿದ್ದು ತಪ್ಪೊಪ್ಪಿಕೊಂಡಿದ್ದಾಳೆ, ಇಡೀ ವಿಡಿಯೊ ಸುಳ್ಳೆಂದು ಅವಳಿಗೆ ಮೊದಲೇ ತಿಳಿದಿತ್ತು ಎಂಬುದಕ್ಕೆ ಇದೇ ಪುರಾವೆ, ಎಂದು ಅದರಲ್ಲಿತ್ತು. ಸುಳ್ಳೆಂದು ತಿಳಿದು ಹೇಳಿದ್ದಲ್ಲ ಎಂದು ನಾನು ಕಷ್ಟಪಟ್ಟು ಓದಿ ನೆಚ್ಚಿಕೊಂಡಿದ್ದ ಗೋಡೆಯನ್ನೇ ಅವರು ಕೆಡವಿದ್ದರು. ಅದಕ್ಕಿಂತ ಹತ್ತಿರದ ಏಟು ಅದೇ ದಿನ ಬಿತ್ತು. ರಾಜಶೇಖರ ಮಾನ್ವಿ ಕೋರ್ಟಿನಲ್ಲಿ ಖಾಸಗಿ ದೂರು ಕೊಟ್ಟಿದ್ದ. ಫಿಲ್ಟರನ್ನು ಅವಳೇ ಬಿಚ್ಚಿಟ್ಟು ವಿಡಿಯೊ ಮಾಡಿದಳು, ಅದಕ್ಕೇ ದೈವದ ಮುಂದೆ ತಪ್ಪಾಯ್ತು ಅಂದಳು, ಎಂಬುದು ಅವನ ಮಾತು.

ಇಲ್ಲಿಯ ಕಾನೂನು ಅಲ್ಲಿಯದಲ್ಲ ಮಕ್ಕಳೆ. ನಮ್ಮಲ್ಲಿ ಮಾನಹಾನಿ ಅಪರಾಧವೂ ಹೌದು, ಎರಡು ವರ್ಷದ ತನಕ ಸೆರೆಯಾಗಬಹುದು. ಆಡಿದವರು ತಮ್ಮ ಮಾತು ನಿಜ ಎಂದರೆ ಆ ನಿಜವನ್ನು ತೋರಿಸಬೇಕಾದವರು ಅವರೇ. ನಿಜವಾದರಷ್ಟೇ ಸಾಲದು, ಹೇಳಿದ್ದು ಜನರ ಒಳಿತಿಗೆ ಎಂದೂ ತೋರಿಸಬೇಕು. ಶಿವಲೀಲಾ ಇಂಟರ್ನೆಟ್ಟಿನಲ್ಲಿ ಅಮೆರಿಕದ ಪಾಠ ಓದಿಕೊಂಡು, ‘ಸುಳ್ಳಂತ ಅವರೇ ತೋರಿಸ್ಬೇಕಲ್ರಿ’ ಎಂದು ಧೈರ್ಯದಿಂದಿದ್ದಳು. ಇಲ್ಲಿ ಹಾಗಿಲ್ಲ ಎಂದು ಫೋನಿನಲ್ಲಿ ಹೇಳಿದೆ. ಮರುದಿನದಿಂದ ಅವಳ ಫೋನು ಸ್ವಿಚ್ ಆಫ್.

ಸಮನ್ಸು ಹಿಡಿದು ಹೋದವರು ಮನೆಯಲ್ಲಿ ಇಲ್ಲ ಎಂದು ವಾಪಸು ಬಂದರು. ಇನ್ನೊಂದು ವಾಯಿದೆಗೆ ಬರದಿದ್ದರೆ ವಾರಂಟು ಹೊರಡಬಹುದಿತ್ತು. ಓಡಿಹೋದವಳೆಂದು ಒಮ್ಮೆ ಹೆಸರು ಬಿದ್ದರೆ ಕೇಸಿನ ಅರ್ಧ ಸೋತಂತೆ. ಅವಳ ಊರಿನ ಮುದುಕಿಯೊಬ್ಬಳು ಪಿಸುಗುಟ್ಟಿದಳು: ‘ಕುರಿ ಹಿಂದ ಹೋಗ್ಯಾಳ್ರಿ, ದೇವದುರ್ಗದ ಕಡೆ.’

ದೇವದುರ್ಗಕ್ಕೆ ಬಸ್ಸು, ಅಲ್ಲಿಂದ ಆಟೊ. ಹತ್ತಿ ಬಿಡಿಸಿದ ಹೊಲವೊಂದರಲ್ಲಿ ಗೊಬ್ಬರಕ್ಕೆಂದು ಬೀರಪ್ಪನ ಕುರಿ ನಿಲ್ಲಿಸಿದ್ದರು. ನಾಯಿಗಳು ಬೊಗಳುತ್ತ ನನ್ನ ಸೀರೆಗೇ ಬಂದವು. ನಾನು ‘ಬೀರಪ್ಪಣ್ಣಾ’ ಎಂದು ಕೂಗಿದ ಕೂಗಿಗೆ ಕುರಿಗಳೂ ಬೆದರಿದವು. ಶಿವಲೀಲಾ ಕಂಬಳಿ ಮುಸುಕು ಹಾಕಿಕೊಂಡು ತಡಿಕೆಯ ಹಿಂದೆ ಕೂತಿದ್ದಳು. ಕ್ಯಾಮೆರಾ ಮುಂದೆ ಅಷ್ಟು ಚೂಟಿಯಾಗಿ ಮಾತಾಡುತ್ತಿದ್ದ ಹುಡುಗಿಯ ತುಟಿ ಒಡೆದಿತ್ತು, ಕಣ್ಣು ಒಳಗೆ ಹೋಗಿದ್ದವು.

‘ಫೋನ್ ಬಂದ್ ಮಾಡಿದ್ರ ಕೋರ್ಟಿಗೂ ಸಿಗೂದಿಲ್ಲಂತ ತಿಳಿದ್ವಿರಿ’ ಎಂದ ಬೀರಪ್ಪ. ‘ಮಗಳನ್ನ ಜೇಲಿಗೆ ಹಾಕಿದ್ರ ನಾನು ಬದುಕಂಗಿಲ್ಲ ಯವ್ವಾ.’

ನನಗೂ ಸಿಟ್ಟು ಬಂದಿತ್ತು. ‘ಯಾಕ ಅಡ್ಡಬೀಳ್ಸಿದ್ರಿ ಆಕೀನ? ಯಾರು ಹೇಳಿದ್ರು ನಿಮಗ?’

‘ದೈವ ಕುಂತಮ್ಯಾಲ ಬೀಳದ ಹ್ಯಾಂಗ್ರಿ? ಇಬ್ರೂ ಬಿದ್ರಲ್ರಿ.’

‘ಇಬ್ರೂ ಅಂದ್ರ?’

‘ಈಕೀನೂ ಬಿದ್ಲು, ಮ್ಯಾನೇಜರೂ ಬಿದ್ದ. ತಪ್ಪಾತ್ರಿ ಅಂತ ಇಬ್ರೂ ಅಂದ್ರು.’

ನಾನು ಹೊಲದ ಬದುವಿನ ಮೇಲೆ ಕೂತುಬಿಟ್ಟೆ. ‘ಇದನ್ನ ಇಲ್ಲೀತನ ಯಾಕ ಹೇಳಲಿಲ್ಲ?’

ಅಪ್ಪ ಮಗಳು ಮುಖ ಮುಖ ನೋಡಿಕೊಂಡರು. ‘ಅದರಾಗ ಹೇಳೂದೇನದ್ರಿ ಮೇಡಂ?’ ಎಂದಳು ಶಿವಲೀಲಾ. ‘ಎಲ್ಲಾರೂ ಬೀಳ್ತಾರ.’

ಮೊಬೈಲು ಹಿಡಿದವನು ಮ್ಯಾನೇಜರ್ ಬಿದ್ದ ಭಾಗವನ್ನು ಕತ್ತರಿಸಿದ್ದ. ಅದು ಗೊತ್ತಾದ ಮಾತ್ರಕ್ಕೆ ಕೇಸು ಗೆದ್ದಂತಲ್ಲ. ಊರಿನಲ್ಲಿ ಯಾರೂ ರಾಜಶೇಖರನ ವಿರುದ್ಧ ಕೋರ್ಟಿಗೆ ಬರಲು ಒಪ್ಪಲಿಲ್ಲ. ನಾನು ಮನೆ ಮನೆ ತಿರುಗಿದೆ. ‘ನಮ್ಮ ಹೆಸರು ಬ್ಯಾಡ್ರಿ’ ಎಂದು ಬಾಗಿಲು ಮುಂದಕ್ಕೆ ಎಳೆದುಕೊಳ್ಳುತ್ತಿದ್ದರು. ಶಿವಲೀಲಾ ವಾಯಿದೆಗೆ ಬಂದಳು, ಜಾಮೀನು ಸಿಕ್ಕಿತು, ವಿಚಾರಣೆ ಶುರುವಾಯಿತು. ಪ್ರತಿ ಸಲ ಮಾನ್ವಿ ಬಸ್ಸಿನಲ್ಲಿ ಅವಳು ನನ್ನ ಪಕ್ಕ ಕೂತು ನನ್ನ ಸೆರಗಿನ ಚುಂಗು ಹಿಡಿದುಕೊಳ್ಳುತ್ತಿದ್ದಳು. ‘ಸುಮ್ನ ಕೂಡು’ ಎಂದು ಗದರುತ್ತಿದ್ದೆ. ಗದರಿದ ನಾನೇ ಫೈಲನ್ನು ಮತ್ತೆ ಮತ್ತೆ ಬಿಚ್ಚಿ ನೋಡುತ್ತಿದ್ದೆ.

ರಾಜಶೇಖರನ ಮುಖ್ಯ ಸಾಕ್ಷಿ ಹನುಮಂತಪ್ಪ, ಆ ಊರಿನ ಹಿರಿಯ, ದೈವದಲ್ಲಿ ಮೊದಲ ಜಾಗದಲ್ಲಿ ಕೂಡುವವರು. ಬಿಳಿ ರುಮಾಲು, ಕೈಯಲ್ಲಿ ಕೋಲು. ಕಟಕಟೆ ಹತ್ತಿ, ಹುಡುಗಿ ಅಡ್ಡಬಿದ್ದು ತಪ್ಪಾಯ್ತು ಅಂದದ್ದು ನಿಜ ಎಂದು ಗಂಭೀರವಾಗಿ ಹೇಳಿದರು. ಅದು ನಿಜವೇ. ಈಗ ಪಾಟೀಸವಾಲು ನನ್ನದು.

ನನ್ನ ಸೀನಿಯರ್ ಸಾಯುವ ತನಕ ಒಂದು ಮಾತು ಹೇಳುತ್ತಿದ್ದರು: ‘ಉತ್ತರ ಗೊತ್ತಿಲ್ಲದ ಪ್ರಶ್ನಿ ಕೇಳಿದ್ರ ನಿನ್ನ ಕಾಲು ನೀನೇ ಮುರ್ಕೊಂಡಂಗ.’ ಮ್ಯಾನೇಜರ್ ಬಿದ್ದನೇ ಎಂದು ನೇರ ಕೇಳಿದರೆ ಇವರು ಇಲ್ಲ ಅನ್ನಬಹುದು. ಅಲ್ಲಿಗೆ ಹುಡುಗಿಯ ಬಾಳು ಮುಗಿದಂತೆ. ಕೇಳದೆ ಕೂತರೂ ಮುಗಿದಂತೆ. ಬೆವರಿಗೆ ಕೋಟಿನ ಕಾಲರು ಕುತ್ತಿಗೆಗೆ ಅಂಟಿತ್ತು. ಹಿಂದಿನ ಬೆಂಚಿನಲ್ಲಿ ಬೀರಪ್ಪ ಕೈ ಮುಗಿದೇ ಕೂತಿದ್ದ, ಯಾರಿಗೆ ಮುಗಿದಿದ್ದನೋ.

‘ಹಿರೇರಾ, ನಿಮ್ಮೂರ ದೈವದಾಗ ನ್ಯಾಯ ಹ್ಯಾಂಗ ಮುಗೀತದ್ರಿ?’ ಎಂದು ಶುರು ಮಾಡಿದೆ.

‘ತಪ್ಪಾತಂತ ಅಡ್ಡಬೀಳ್ತಾರ್ರಿ. ದೈವ ಏಳ್ತದ.’

‘ಯಾರು ಬೀಳ್ತಾರ? ತಪ್ಪು ಮಾಡಿದವರಷ್ಟೇನು?’

ಎದುರು ವಕೀಲರು ಎದ್ದು ಆಕ್ಷೇಪಿಸಿದರು. ಊರ ಪದ್ಧತಿಗೂ ಈ ಕೇಸಿಗೂ ಏನು ಸಂಬಂಧ ಎಂದರು. ‘ಅಡ್ಡಬಿದ್ದದ್ದನ್ನೇ ಅವರು ಪುರಾವೆ ಮಾಡಿದ್ದಾರೆ ಸ್ವಾಮಿ’ ಎಂದೆ. ನ್ಯಾಯಾಧೀಶರು ಉತ್ತರ ಹೇಳಲು ಸನ್ನೆ ಮಾಡಿದರು.

ಹನುಮಂತಪ್ಪನವರಿಗೆ ನನ್ನ ಪ್ರಶ್ನೆ ದೈವಕ್ಕೇ ಮಾಡಿದ ಅಪಮಾನದಂತೆ ಕಂಡಿತು. ಕೋಲು ಕುಟ್ಟಿದರು. ‘ಒಬ್ಬರ ಕೈಲೇ ತಪ್ಪು ಒಪ್ಪಿಸಾಕ ನಾವೇನು ಪೊಲೀಸ್ರೇನ್ರಿ? ತಪ್ಪು ಯಾರದಂತ ದೈವ ಕೇಳೂದಿಲ್ಲ. ಎರಡೂ ಕಡೀಯವರು ಬೀಳಬೇಕು. ಒಬ್ಬರು ಬೀಳಲಿಲ್ಲಂದ್ರ ದೈವ ಜಾಗಾ ಬಿಟ್ಟು ಏಳೂದಿಲ್ಲ. ನಮ್ಮ ಮುತ್ತ್ಯಾನ ಕಾಲದಿಂದ ಹಂಗೇ ಬಂದದ.’

‘ಅವತ್ತು ದೈವ ಎದ್ದಿತೇನ್ರಿ?’

‘ಏಳದ ಏನ್ರಿ? ಎದ್ದು ಮನಿಗೆ ಹೋದ್ವಿ.’

ಹೇಳಿದ ಮೇಲೆ ಅವರಿಗೇ ತಿಳಿಯಿತು. ರಾಜಶೇಖರನ ಕಡೆ ನೋಡಿದರು. ರುಮಾಲಿನ ಅಂಚು ಸರಿ ಮಾಡಿಕೊಂಡರು.

‘ಹಂಗಾದ್ರ ಮ್ಯಾನೇಜರ್ ಸಾಹೇಬ್ರು?’ ಎಂದೆ ಮೆಲ್ಲಗೆ.

ಕೋಲನ್ನು ಕೈ ಬದಲಿಸಿ, ‘ಅವನೂ ಬಿದ್ದಾನ್ರಿ’ ಎಂದರು. ‘ದೈವದ ವಿಷಯದಾಗ ನಾನು ಸುಳ್ಳು ಹೇಳಂಗಿಲ್ಲ.’

ತೀರ್ಪು ಬರಲು ಇನ್ನೂ ಕೆಲವು ವಾಯಿದೆ ಹಿಡಿಯಿತು. ಅಡ್ಡಬೀಳುವುದು ಜಗಳ ಮುಗಿಸುವ ಪದ್ಧತಿ, ಅದನ್ನು ತಪ್ಪೊಪ್ಪಿಗೆ ಎನ್ನಲಾಗದು ಎಂದು ನ್ಯಾಯಾಧೀಶರು ಬರೆದರು. ಖಾಲಿ ಕೊಳವೆಯ ಒಳಗೋಡೆಗೆ ಕಟ್ಟಿದ್ದ ಹಳೆಯ ಉಪ್ಪಿನ ಪದರು ವಿಡಿಯೊದಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಅವತ್ತೇ ಬಿಚ್ಚಿದ್ದರೆ ಹಾಗಿರುತ್ತಿರಲಿಲ್ಲ ಎಂದರು. ನಿಜ ಹೇಳಿದ್ದಾಳೆ, ಮಕ್ಕಳು ಕುಡಿಯುವ ನೀರಿನ ಬಗ್ಗೆ ಹೇಳಿದ್ದಾಳೆ ಎಂದು ಬಿಡುಗಡೆ ಮಾಡಿದರು. ನಾನು ದೈವದ ಪದ್ಧತಿಯನ್ನು ವಿವರಿಸಿ, ಸಾಕ್ಷಿಯ ನಕಲನ್ನೂ ತೀರ್ಪಿನ ನಕಲನ್ನೂ ಅಮೆರಿಕಕ್ಕೆ ಕಳಿಸಿದೆ. ಅಲ್ಲಿಯ ವಕೀಲರು ನಮ್ಮ ಹಕ್ಕನ್ನು ಕಾಯ್ದಿರಿಸಿಕೊಂಡಿದ್ದೇವೆ ಎಂದು ಒಂದು ಸಾಲು ಬರೆದರು. ಆಮೇಲೆ ಸದ್ದಿಲ್ಲ. ಅಲ್ಲಿ ಬಹಳ ರಾಜ್ಯಗಳಲ್ಲಿ ಇಂಥ ದಾವೆಗೆ ಗಡುವು ಚಿಕ್ಕದು, ಅದು ದಾಟಿರಬೇಕು. ಹಾಗಿದ್ದರೂ ಇಮೇಲು ತೆರೆಯುವಾಗ ನಾನು ಇವತ್ತಿಗೂ ಬಿಸ್ಮಿಲ್ಲಾ ಅಂದುಕೊಂಡೇ ತೆರೆಯುತ್ತೇನೆ. ಡಾಕ್ಟರು ಮ್ಯಾನೇಜರನನ್ನು ಬದಲಿಸಿದರಂತೆ, ಮಷೀನಿಗೆ ಹೊಸ ಫಿಲ್ಟರು ಬಂತಂತೆ.

ಶಿವಲೀಲಾ ಚಾನೆಲ್ ಮುಚ್ಚಲಿಲ್ಲ. ಆದರೆ ಈಗ ಒಂದು ವಿಡಿಯೊ ಹಾಕುವ ಮೊದಲು ನನಗೆ ಫೋನು ಮಾಡಿ, ‘ಮೇಡಂ, ಇದು ನಾ ಕಂಡದ್ದು, ಇದು ಅನ್ಕೊಂಡದ್ದು’ ಎಂದು ಬೇರೆ ಬೇರೆ ಮಾಡಿ ಹೇಳುತ್ತಾಳೆ. ಅವಳ ಮಾತಿನಲ್ಲಿ ಮೊದಲಿದ್ದ ಓಟವಿಲ್ಲ. ನಡುನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತಾಳೆ. ಒಳ್ಳೆಯದಾಯಿತು ಎಂದು ಹೊಗಳಲು ನನಗೆ ಬಾಯಿ ಬರುವುದಿಲ್ಲ. ಆ ಹೆದರಿಕೆ ಅವಳಿಗೆ ಬೇಕಿರಲಿಲ್ಲ.

ಬಿಡುಗಡೆಯಾದ ದಿನದ್ದು ಒಂದು ಹೇಳಿ ಮುಗಿಸುತ್ತೇನೆ. ಮಾನ್ವಿ ಕೋರ್ಟಿನ ಅಂಗಳದಲ್ಲಿ ಬೇವಿನ ಗಿಡದ ಕೆಳಗೆ ನಾನು ಫೈಲು ಚೀಲಕ್ಕೆ ತುರುಕುತ್ತಿದ್ದೆ. ಬೀರಪ್ಪ ಬಂದವನೇ ಕಂಬಳಿ ನೆಲಕ್ಕೆ ಹಾಕಿ, ನನ್ನ ಕಾಲ ಮುಂದೆ ಉದ್ದಕ್ಕೆ ಅಡ್ಡಬಿದ್ದ. ಕಣ್ಣೀರು ಹರಿಯುತ್ತಿತ್ತು.

‘ನನ್ನಿಂದ ಏನರ ತಪ್ಪಾಗಿದ್ರ ಹೊಟ್ಟ್ಯಾಗ ಹಾಕೋರಿ ಯವ್ವಾ’ ಎಂದ.

ಅವನ ಭುಜ ಹಿಡಿದು ಎಬ್ಬಿಸಬೇಕಿತ್ತು. ಎಬ್ಬಿಸಿದೆ, ಆದರೆ ಆಮೇಲೆ. ಅದಕ್ಕೆ ಮೊದಲು ನಾನು ಮಾಡಿದ ಕೆಲಸ, ಸುತ್ತ ಯಾರ ಕೈಯಲ್ಲಾದರೂ ಮೊಬೈಲು ಮೇಲೆದ್ದಿದೆಯೇ ಎಂದು ನೋಡಿದ್ದು.